ಸ್ಟೋರೇಜ್ ಅರೇಗಳ ನಡುವಿನ ರೆಪ್ಲಿಕೇಷನ್: ಹೆಸರುಗಳ ಹಿಂದಿನ ವರ್ತನೆಯನ್ನು ನೋಡಿ ಆಯ್ಕೆ ಮಾಡುವುದು

ಸ್ಟೋರೇಜ್ ಅರೇ ಎಂದರೆ ಅನೇಕ ಡಿಸ್ಕ್‌ಗಳನ್ನು ಒಟ್ಟುಗೂಡಿಸಿ, ಅದನ್ನು ಬಳಸುವ ಸರ್ವರ್‌ಗಳಿಗೆ (ಅಂದರೆ ಹೋಸ್ಟ್‌ಗಳಿಗೆ) ವಾಲ್ಯೂಮ್ ಎಂಬ ಪಾಲುಗಳಾಗಿ ಕೊಡುವ ಯಂತ್ರ; ಒಂದು ತಾಣದ ಅರೇಯ ದತ್ತಾಂಶವನ್ನು ಇನ್ನೊಂದು ತಾಣದ ಅರೇಗೆ ನಕಲಿಸುತ್ತಿರುವುದೇ ರೆಪ್ಲಿಕೇಷನ್. ಐಬಿಎಂನ ಮೆಟ್ರೊ ಮಿರರ್, ಡೆಲ್‌ನ ಎಸ್‌ಆರ್‌ಡಿಎಫ್/ಮೆಟ್ರೊ ಮತ್ತು ನೆಟ್‌ಆ್ಯಪ್‌ನ ಮೆಟ್ರೊಕ್ಲಸ್ಟರ್ ಎಂಬ ಹೆಸರುಗಳನ್ನು ಒಂದೇ ಪ್ರಸ್ತಾವನೆಯಲ್ಲಿ ಅಕ್ಕಪಕ್ಕ ಕಂಡವರು, ಒಂದೇ ಸೌಲಭ್ಯವನ್ನು ಮೂವರು ತಯಾರಕರು ಮೂರು ಹೆಸರಿನಲ್ಲಿ ಮಾರುತ್ತಿದ್ದಾರೆ ಎಂದು ಭಾವಿಸಿದರೆ ಅದು ಅವರ ತಪ್ಪಲ್ಲ. ಆದರೆ ಮೊದಲನೆಯದು ಸಾಂಪ್ರದಾಯಿಕ ಸಿಂಕ್ರೊನಸ್ ನಕಲು, ಅಂದರೆ ಎರಡೂ ತಾಣ ಸೇರಿದ ಮೇಲೆಯೇ ಬರಹ ಮುಗಿಯಿತು ಎನ್ನುವ ಬಗೆ. ಅದರಲ್ಲಿ ಎರಡನೆಯ ತಾಣದ ವಾಲ್ಯೂಮ್ ಮಾಮೂಲಿ ದಿನಗಳಲ್ಲಿ ಹೋಸ್ಟ್‌ಗಳ ಬಳಕೆಗೆ ಸಿಗುವುದಿಲ್ಲ. ಎರಡನೆಯದರಲ್ಲಿ ಎರಡೂ ತಾಣಗಳ ವಾಲ್ಯೂಮ್‌ಗಳು ಒಂದೇ ವಾಲ್ಯೂಮಿನಂತೆ ಕಾಣಿಸಿಕೊಂಡು ಏಕಕಾಲಕ್ಕೆ ಓದು ಮತ್ತು ಬರಹ ಎರಡನ್ನೂ ಸ್ವೀಕರಿಸುತ್ತವೆ. ಮೂರನೆಯದರಲ್ಲಿ ಎರಡೂ ತಾಣಗಳು ಕೆಲಸದಲ್ಲಿರುತ್ತವೆಯಾದರೂ ಒಂದು ನಿರ್ದಿಷ್ಟ ವಾಲ್ಯೂಮ್ ಒಂದು ಹೊತ್ತಿಗೆ ಒಂದೇ ತಾಣದಿಂದ ಸೇವೆ ನೀಡುತ್ತದೆ. ಆ ತಾಣ ಬಿದ್ದಾಗ ಉಳಿದ ತಾಣ ಅದರ ಪಾಲನ್ನು ವಹಿಸಿಕೊಳ್ಳುತ್ತದೆ. ಹೆಸರಿನಲ್ಲಿ ಹಂಚಿಕೊಂಡಿರುವ ‘ಮೆಟ್ರೊ’ ಎಂಬ ಪದ ಇಲ್ಲಿ ಹೇಳುತ್ತಿರುವುದು ದೂರದ ಅಂದಾಜನ್ನು ಮಾತ್ರ.

ಈ ಕ್ಷೇತ್ರದ ಪದಗಳು ತಯಾರಕರಿಂದ ತಯಾರಕರಿಗೆ, ಕೆಲವೊಮ್ಮೆ ಒಬ್ಬನೇ ತಯಾರಕನ ಎರಡು ಉತ್ಪನ್ನಗಳ ನಡುವೆಯೂ, ಅರ್ಥ ಬದಲಿಸುತ್ತವೆ. ಹಾಗಾಗಿ ಆಯ್ಕೆ ಮಾಡುವವರು ಹೆಸರನ್ನು ಬದಿಗಿಟ್ಟು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಲೇಸು ಎಂಬುದು ನನ್ನ ಅಭಿಪ್ರಾಯ. ಹೋಸ್ಟ್ ಕಳಿಸಿದ ಬರಹಕ್ಕೆ ‘ಆಯಿತು’ ಎಂಬ ಸ್ವೀಕೃತಿ ಯಾವ ಘಟ್ಟದಲ್ಲಿ ಸಿಗುತ್ತದೆ? ಬರಹಗಳು ನಡೆದ ಕ್ರಮ ಆಚೆಯ ತಾಣದಲ್ಲಿಯೂ ಹಾಗೆಯೇ ಉಳಿಯುತ್ತದೆಯೇ? ಎರಡು ತಾಣಗಳ ನಡುವಿನ ಸಂಪರ್ಕ ಕಡಿದ ಕ್ಷಣದಲ್ಲಿ ಅರೇ ಏನು ಮಾಡುತ್ತದೆ? ಮೊದಲ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ, ಎರಡನೆಯದನ್ನು ಕೆಲವರು ಕೇಳುತ್ತಾರೆ, ಮೂರನೆಯದನ್ನು ಬಹುಮಟ್ಟಿಗೆ ಯಾರೂ ಕೇಳುವುದಿಲ್ಲ.

ಗುರಿ ಮತ್ತು ಅಳತೆ

ಯಾವ ಮಾತುಕತೆಯೂ ಆರ್‌ಪಿಒ ಮತ್ತು ಆರ್‌ಟಿಒ ಎಂಬ ಎರಡು ಸಂಕ್ಷೇಪಗಳಿಲ್ಲದೆ ಆರಂಭವಾಗುವುದಿಲ್ಲ. ಆರ್‌ಪಿಒ ಎಂದರೆ ರಿಕವರಿ ಪಾಯಿಂಟ್ ಆಬ್ಜೆಕ್ಟಿವ್: ಅನಾಹುತವಾದಾಗ ಎಷ್ಟು ಹೊತ್ತಿನ ದತ್ತಾಂಶ ಕಳೆದುಹೋದರೆ ಸಂಸ್ಥೆ ಸಹಿಸಬಲ್ಲದು ಎಂಬ ಮಿತಿ. ಆರ್‌ಟಿಒ ಎಂದರೆ ರಿಕವರಿ ಟೈಮ್ ಆಬ್ಜೆಕ್ಟಿವ್: ಸೇವೆ ಮತ್ತೆ ನಡೆಯಲು ಎಷ್ಟು ಹೊತ್ತು ಹಿಡಿಯಬಹುದು ಎಂಬ ಮಿತಿ. ಇವೆರಡೂ ಸಂಸ್ಥೆ ತನಗೆ ತಾನೇ ಹಾಕಿಕೊಳ್ಳುವ ಗುರಿಗಳು. ಅರೇ ಅವನ್ನು ‘ಕೊಡುವುದಿಲ್ಲ’. ಅರೇ ತೋರಿಸಬಲ್ಲದ್ದು ಸದ್ಯದ ಹಿಂದುಳಿಕೆಯನ್ನು, ಅಂದರೆ ಆಚೆಯ ನಕಲು ಈಚೆಯ ಮೂಲಕ್ಕಿಂತ ಈ ಕ್ಷಣದಲ್ಲಿ ಎಷ್ಟು ಸೆಕೆಂಡು ಅಥವಾ ನಿಮಿಷ ಹಳೆಯದು ಎಂಬುದನ್ನು. ಇದನ್ನು ಲ್ಯಾಗ್ ಎನ್ನುತ್ತಾರೆ. ಮಾರಾಟಗಾರರ ಹಾಳೆಯಲ್ಲಿ ‘ಆರ್‌ಪಿಒ 5 ನಿಮಿಷ’ ಎಂದಿದ್ದರೆ ಅದು ಅನುಕೂಲ ಪರಿಸ್ಥಿತಿಯ ಲ್ಯಾಗ್ ಎಂದು ಓದಿಕೊಳ್ಳಬೇಕು.

ಆರ್‌ಟಿಒ ವಿಷಯದಲ್ಲಿ ಅರೇಯ ಪಾಲು ಇನ್ನೂ ಚಿಕ್ಕದು. ಆಚೆಯ ವಾಲ್ಯೂಮ್‌ಗಳನ್ನು ಬರಹಕ್ಕೆ ತೆರೆಯುವ ಕೆಲಸ ಕೆಲವು ನಿಮಿಷಗಳಲ್ಲಿ ಮುಗಿಯಬಹುದು. ಆದರೆ ಸರ್ವರ್‌ಗಳು ಏಳಬೇಕು, ಡೇಟಾಬೇಸ್ ತನ್ನ ಲಾಗ್ (ಬದಲಾವಣೆಗಳ ದಾಖಲೆ) ಓದಿ ಚೇತರಿಸಿಕೊಳ್ಳಬೇಕು, ನೆಟ್‌ವರ್ಕ್ ವಿಳಾಸಗಳು ತಿರುಗಬೇಕು. ಎಲ್ಲಕ್ಕಿಂತ ಮೊದಲು, ತಾಣ ಬದಲಿಸೋಣ ಎಂದು ತೀರ್ಮಾನಿಸುವ ಧೈರ್ಯ ಯಾರಿಗಾದರೂ ಬರಬೇಕು. ಈ ಕೊನೆಯದಕ್ಕೆ ಹಿಡಿಯುವ ಸಮಯ ಯಾವ ಹಾಳೆಯಲ್ಲಿಯೂ ನಮೂದಾಗಿರುವುದಿಲ್ಲ.

ಸಿಂಕ್ರೊನಸ್ ನಕಲು ಮತ್ತು ದೂರದ ಲೆಕ್ಕ

ಸಿಂಕ್ರೊನಸ್ ವಿಧಾನದಲ್ಲಿ ಹೋಸ್ಟ್‌ನ ಬರಹ ಮೊದಲು ಮೂಲ ಅರೇಯ ಕ್ಯಾಶ್‌ಗೆ (ವೇಗದ ತಾತ್ಕಾಲಿಕ ಸ್ಮೃತಿಗೆ) ಬರುತ್ತದೆ, ಅಲ್ಲಿಂದ ಲಿಂಕ್ ಮೂಲಕ ಎರಡನೆಯ ಅರೇಯ ಕ್ಯಾಶ್ ಸೇರುತ್ತದೆ, ಅಲ್ಲಿಂದ ಸ್ವೀಕೃತಿ ಮರಳಿದ ಮೇಲೆಯೇ ಹೋಸ್ಟ್‌ಗೆ ‘ಆಯಿತು’ ಎಂಬ ಉತ್ತರ ಹೋಗುತ್ತದೆ. ಡಿಸ್ಕ್‌ಗೆ ಇಳಿಯುವವರೆಗೆ ಯಾರೂ ಕಾಯುವುದಿಲ್ಲ. ವಿದ್ಯುತ್ ಹೋದರೂ ಉಳಿಯುವ ಕ್ಯಾಶ್ ಎರಡೂ ಕಡೆ ಇರುವುದರಿಂದ ಅಷ್ಟು ಸಾಕು. ಇಎಂಸಿ ಸಂಸ್ಥೆ (ಈಗ ಡೆಲ್‌ನ ಭಾಗ) ತನ್ನ ಸಿಮೆಟ್ರಿಕ್ಸ್ ಅರೇಗಳಿಗೆ 1994ರಲ್ಲಿ ಎಸ್‌ಆರ್‌ಡಿಎಫ್ ತಂದಾಗಿನಿಂದ ಇಂದಿನವರೆಗೆ ಈ ಮೂಲ ನಡೆ ಬದಲಾಗಿಲ್ಲ. ಬದಲಾಗಿರುವುದು ಅರೇಗಳ ವೇಗ. ಹಾಗಾಗಿ ದೂರದ ಬೆಲೆ ಈಗ ಹಿಂದಿಗಿಂತ ಎದ್ದು ಕಾಣುತ್ತದೆ.

ಗಾಜಿನ ನಾರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಅಂದರೆ ಕಿಲೋಮೀಟರಿಗೆ 5 ಮೈಕ್ರೊಸೆಕೆಂಡು, ಹೋಗಿ ಬರಲು 10 ಮೈಕ್ರೊಸೆಕೆಂಡು. 100 ಕಿಲೋಮೀಟರ್ ಕೇಬಲ್‌ಗೆ ಇದು 1 ಮಿಲಿಸೆಕೆಂಡು. ಸಾಮಾನ್ಯ ಸ್ಕಸಿ (ಹೋಸ್ಟ್ ಮತ್ತು ಸ್ಟೋರೇಜ್ ಮಾತಾಡಿಕೊಳ್ಳುವ ನಿಯಮಾವಳಿ) ಬರಹದಲ್ಲಿ ‘ಕಳಿಸಲೇ?’, ‘ಕಳಿಸು’ ಎಂಬ ಮಾತುಕತೆ ಒಂದು ಸುತ್ತು, ದತ್ತಾಂಶ ಮತ್ತು ಅದರ ಉತ್ತರ ಇನ್ನೊಂದು ಸುತ್ತು ಆಗುವುದರಿಂದ, ಆ ಮೊದಲ ಸುತ್ತನ್ನು ಉಳಿಸುವ ಉಪಾಯ ಅರೇಯಲ್ಲಿಯೋ ಮಧ್ಯದ ಸ್ವಿಚ್‌ನಲ್ಲಿಯೋ ಇಲ್ಲದಿದ್ದರೆ 2 ಮಿಲಿಸೆಕೆಂಡು ಎಂದು ಹಿಡಿಯಬೇಕು. ಕೇಬಲ್ ಹೋಗುವ ದಾರಿ ನಕಾಶೆಯ ನೇರ ಗೆರೆಗಿಂತ ಯಾವಾಗಲೂ ಉದ್ದ ಎಂಬುದನ್ನೂ ಮರೆಯಬಾರದು.

1 ಮಿಲಿಸೆಕೆಂಡು ಎಂದರೆ ಏನು ಮಹಾ ಎನ್ನಿಸಬಹುದು. ತಿರುಗುವ ಡಿಸ್ಕ್‌ಗಳ ಕಾಲದಲ್ಲಿ ಬೇರೆ ವಿಳಂಬಗಳ ನಡುವೆ ಅದು ಮುಚ್ಚಿಹೋಗುತ್ತಿತ್ತು. ಒಂದು ಬರಹವನ್ನು 0.3 ಮಿಲಿಸೆಕೆಂಡಿನಲ್ಲಿ ಮುಗಿಸುವ ಫ್ಲ್ಯಾಶ್ ಅರೇಗೆ 1 ಮಿಲಿಸೆಕೆಂಡು ಸೇರಿದರೆ ಆ ಬರಹ 1.3 ಮಿಲಿಸೆಕೆಂಡು ಆಗುತ್ತದೆ, ಅಂದರೆ ನಾಲ್ಕು ಪಟ್ಟಿಗಿಂತ ಹೆಚ್ಚು. ಒಂದು ಬರಹ ಮುಗಿದ ಮೇಲೆಯೇ ಮುಂದಿನದನ್ನು ಕಳಿಸುವ ಡೇಟಾಬೇಸ್ ಲಾಗ್ ಇದ್ದರೆ ಸೆಕೆಂಡಿಗೆ ಸುಮಾರು 3,300 ಬರಹಗಳು ನಡೆಯುತ್ತಿದ್ದಲ್ಲಿ ಸುಮಾರು 770 ನಡೆಯುತ್ತವೆ. ಅನೇಕ ಬರಹಗಳನ್ನು ಒಟ್ಟೊಟ್ಟಿಗೆ ಕಳಿಸುವ ಕೆಲಸಗಳಿಗೆ ಈ ಹೊಡೆತ ಅಷ್ಟಾಗಿ ತಟ್ಟುವುದಿಲ್ಲ. ಆದ್ದರಿಂದ ‘ಇಷ್ಟು ಕಿಲೋಮೀಟರ್‌ವರೆಗೆ ಬೆಂಬಲವಿದೆ’ ಎಂಬ ಮಾತು ನಿಮ್ಮ ಅಪ್ಲಿಕೇಷನ್ ಅಷ್ಟು ದೂರವನ್ನು ತಾಳುತ್ತದೆ ಎಂಬ ಭರವಸೆಯಲ್ಲ. ನೆಟ್‌ಆ್ಯಪ್‌ನ ಸ್ನ್ಯಾಪ್‌ಮಿರರ್ ಸಿಂಕ್ರೊನಸ್‌ಗೆ 10 ಮಿಲಿಸೆಕೆಂಡು, ಪ್ಯೂರ್ ಸ್ಟೋರೇಜ್‌ನ ಆ್ಯಕ್ಟಿವ್‌ಕ್ಲಸ್ಟರ್‌ಗೆ 11 ಮಿಲಿಸೆಕೆಂಡು ಎಂಬ ಹೋಗಿಬರುವ ಸಮಯದ ಮಿತಿಗಳನ್ನು ತಯಾರಕರು ಹೇಳಿದ್ದಾರೆ. ಆ ಮಿತಿಯ ಅಂಚಿನಲ್ಲಿ ಸಂತೋಷವಾಗಿ ನಡೆಯುವ ವಹಿವಾಟು ಡೇಟಾಬೇಸ್ ಅಪರೂಪ.

‘ಶೂನ್ಯ ನಷ್ಟ’ ಎಂಬ ಮಾತಿನ ಷರತ್ತು

ಈಗ ಮೂರನೆಯ ಪ್ರಶ್ನೆ. ಸಿಂಕ್ರೊನಸ್ ಎಂದಮೇಲೆ ದತ್ತಾಂಶ ನಷ್ಟ ಶೂನ್ಯ ಎಂದು ಎಲ್ಲ ಕೈಪಿಡಿಗಳೂ ಹೇಳುತ್ತವೆ. ಲಿಂಕ್ ಕಡಿದರೆ? ಅರೇಯ ಮುಂದೆ ಎರಡೇ ದಾರಿಗಳಿವೆ. ನಕಲಾಗದ ಬರಹವನ್ನು ಸ್ವೀಕರಿಸುವುದಿಲ್ಲ ಎಂದು ಹೋಸ್ಟ್‌ಗೆ ದೋಷ ತಿಳಿಸಬಹುದು. ಆಗ ದತ್ತಾಂಶ ಉಳಿಯುತ್ತದೆ, ಸೇವೆ ನಿಲ್ಲುತ್ತದೆ. ಇಲ್ಲವೇ ನಕಲನ್ನು ತಾತ್ಕಾಲಿಕವಾಗಿ ನಿಲ್ಲಿಸಿ ಮೂಲ ತಾಣದಲ್ಲಿ ಮಾತ್ರ ಬರೆಯುತ್ತ ಮುಂದುವರಿಯಬಹುದು. ಆಗ ಸೇವೆ ಉಳಿಯುತ್ತದೆ, ಆದರೆ ಆ ಗಳಿಗೆಯಿಂದ ನೀವು ಸಿಂಕ್ರೊನಸ್ ರಕ್ಷಣೆಯಲ್ಲಿಲ್ಲ. ಲಿಂಕ್ ಸರಿಹೋಗುವ ಮೊದಲೇ ಮೂಲ ತಾಣ ಸುಟ್ಟುಹೋದರೆ ನಡುವಿನ ಎಲ್ಲ ವಹಿವಾಟುಗಳೂ ಹೋದಂತೆಯೇ.

ಈ ಆಯ್ಕೆಗೆ ಒಬ್ಬೊಬ್ಬ ತಯಾರಕನದು ಒಂದೊಂದು ಹೆಸರು. ಹಿಟಾಚಿಯ ಟ್ರೂಕಾಪಿಯಲ್ಲಿ ಇದನ್ನು ‘ಫೆನ್ಸ್ ಲೆವೆಲ್’ ಎನ್ನುತ್ತಾರೆ. ‘ನೆವರ್’ ಎಂದಿಟ್ಟರೆ ಮೂಲದ ಬರಹ ಎಂದೂ ನಿಲ್ಲದು. ‘ಡೇಟಾ’ ಎಂದಿಟ್ಟರೆ ನಕಲು ವಿಫಲವಾದಾಗ ಮೂಲದ ಬರಹವೂ ತಿರಸ್ಕೃತವಾಗುತ್ತದೆ. ‘ಸ್ಟೇಟಸ್’ ಎಂಬ ಮಧ್ಯದ ದಾರಿಯಲ್ಲಿ, ಆಚೆಯ ವಾಲ್ಯೂಮ್‌ಗೆ ‘ನೀನೀಗ ಹಳೆಯದು’ ಎಂಬ ಗುರುತನ್ನು ಹಾಕಲು ಸಾಧ್ಯವಾಗದಿದ್ದರೆ ಮಾತ್ರ ಬರಹ ನಿಲ್ಲುತ್ತದೆ. ನೆಟ್‌ಆ್ಯಪ್‌ನಲ್ಲಿ ಮುಂದುವರಿಯುವ ನೀತಿಗೆ ‘ಸಿಂಕ್’, ನಿಲ್ಲಿಸುವ ನೀತಿಗೆ ‘ಸ್ಟ್ರಿಕ್ಟ್‌ಸಿಂಕ್’ ಎಂದು ಹೆಸರು. ಎಸ್‌ಆರ್‌ಡಿಎಫ್‌ನಲ್ಲಿ ನಿಲ್ಲಿಸುವ ವರ್ತನೆಯನ್ನು ‘ಡಾಮಿನೊ’ ಎಂದು ಕರೆಯುತ್ತಾರೆ. ಹೆಚ್ಚಿನ ಸಂಸ್ಥೆಗಳು ಮುಂದುವರಿಯುವ ನೀತಿಯನ್ನೇ ಇಟ್ಟುಕೊಳ್ಳುತ್ತವೆ, ಅದು ವಿವೇಕದ ಆಯ್ಕೆಯೇ. ನನ್ನ ತಕರಾರು ಇರುವುದು, ಆ ನೀತಿಯಲ್ಲಿದ್ದುಕೊಂಡು ಲೆಕ್ಕಪರಿಶೋಧಕರ ಮುಂದೆ ‘ನಮ್ಮ ಆರ್‌ಪಿಒ ಶೂನ್ಯ’ ಎಂದು ಷರತ್ತಿಲ್ಲದೆ ಬರೆದುಕೊಡುವುದರ ಬಗ್ಗೆ.

ಅಸಿಂಕ್ರೊನಸ್: ಒಂದು ಪದ, ಬೇರೆ ಬೇರೆ ಯಂತ್ರಗಳು

ಅಸಿಂಕ್ರೊನಸ್ ವಿಧಾನದಲ್ಲಿ ಬರಹ ಮೂಲ ಅರೇಯ ಕ್ಯಾಶ್ ಸೇರಿದ ಕೂಡಲೇ ಹೋಸ್ಟ್‌ಗೆ ಸ್ವೀಕೃತಿ ಹೋಗುತ್ತದೆ, ನಕಲು ಹಿಂದಿನಿಂದ ಬರುತ್ತದೆ. ಇಷ್ಟರವರೆಗೆ ಎಲ್ಲರಲ್ಲೂ ಒಮ್ಮತವಿದೆ. ಹಿಂದಿನಿಂದ ಹೇಗೆ ಬರುತ್ತದೆ ಎಂಬಲ್ಲಿ ದಾರಿಗಳು ಕವಲೊಡೆಯುತ್ತವೆ.

ಮೊದಲನೆಯದು ಜರ್ನಲ್ ವಿಧಾನ. ಪ್ರತಿ ಬರಹಕ್ಕೂ ಒಂದು ಕ್ರಮಸಂಖ್ಯೆ ಕೊಟ್ಟು ಪ್ರತ್ಯೇಕ ಜರ್ನಲ್ ವಾಲ್ಯೂಮಿನಲ್ಲಿ ಸಾಲಾಗಿ ಇಡುತ್ತಾರೆ. ಆಚೆಯ ಅರೇ ಆ ಸಾಲನ್ನು ಓದಿಕೊಂಡು ಅದೇ ಕ್ರಮದಲ್ಲಿ ತನ್ನ ವಾಲ್ಯೂಮ್‌ಗಳಿಗೆ ಬರೆಯುತ್ತದೆ. ಹಿಟಾಚಿಯ ಯೂನಿವರ್ಸಲ್ ರೆಪ್ಲಿಕೇಟರ್ ಇದರ ಪ್ರಸಿದ್ಧ ಉದಾಹರಣೆ. ಅಲ್ಲಿ ಎರಡನೆಯ ತಾಣದ ಅರೇಯೇ ಜರ್ನಲನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಲಿಂಕ್ ಸ್ವಲ್ಪ ಹೊತ್ತು ಕುಸಿದರೂ ಜರ್ನಲ್ ತುಂಬುವವರೆಗೆ ಕ್ರಮ ಕೆಡುವುದಿಲ್ಲ ಎಂಬುದು ಇದರ ಬಲ. ಜರ್ನಲ್ ತುಂಬಿ ಹರಿದರೆ ಮೂಲ ಮತ್ತು ನಕಲಿನ ಜೋಡಿ ನಿಲ್ಲುತ್ತದೆ, ಆಮೇಲೆ ಕ್ರಮವಿಲ್ಲದ ಮರುಹೊಂದಾಣಿಕೆ ನಡೆಯಬೇಕಾಗುತ್ತದೆ. ಹಾಗಾಗಿ ಜರ್ನಲಿನ ಗಾತ್ರ ಉಳಿತಾಯಕ್ಕೆ ತಕ್ಕ ಜಾಗವಲ್ಲ.

ಎರಡನೆಯದು ಸುತ್ತುಗಳ ವಿಧಾನ. ಎಸ್‌ಆರ್‌ಡಿಎಫ್/ಎ ಇದನ್ನು ಬಳಸುತ್ತದೆ. ಕೆಲವು ಸೆಕೆಂಡುಗಳಷ್ಟು ಕಾಲದ ಬರಹಗಳನ್ನು ಒಂದು ಗುಂಪಾಗಿ ಹಿಡಿದು, ಹಿಂದಿನ ಗುಂಪನ್ನು ರವಾನಿಸುತ್ತ, ಆಚೆ ಒಂದು ಗುಂಪನ್ನು ಸ್ವೀಕರಿಸುತ್ತ, ಪೂರ್ತಿ ಬಂದ ಗುಂಪನ್ನು ಮಾತ್ರ ಅನ್ವಯಿಸುತ್ತ ಸಾಗುತ್ತದೆ. ಗುಂಪಿನೊಳಗಿನ ಕ್ರಮ ಮುಖ್ಯವಾಗುವುದಿಲ್ಲ, ಯಾಕೆಂದರೆ ಅದು ಇಡಿಯಾಗಿ ಸೇರುತ್ತದೆ ಅಥವಾ ಸೇರುವುದೇ ಇಲ್ಲ. ಒಂದೇ ಬ್ಲಾಕಿಗೆ (ವಾಲ್ಯೂಮಿನ ಒಂದು ಚಿಕ್ಕ ತುಂಡಿಗೆ) ಒಂದು ಸುತ್ತಿನಲ್ಲಿ ಹತ್ತು ಸಲ ಬರೆದರೆ ಕೊನೆಯದಷ್ಟೇ ಲಿಂಕ್ ಮೇಲೆ ಹೋಗುತ್ತದೆ. ಕಳೆದುಹೋಗಬಹುದಾದದ್ದು ಸಾಮಾನ್ಯವಾಗಿ ಎರಡು ಸುತ್ತುಗಳಷ್ಟು ದತ್ತಾಂಶ.

ಮೂರನೆಯದು ಸ್ನ್ಯಾಪ್‌ಶಾಟ್ ವಿಧಾನ: ನಿಗದಿತ ಅಂತರದಲ್ಲಿ ಮೂಲದ ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿರ ಚಿತ್ರ) ತೆಗೆದು, ಹಿಂದಿನದಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ಕಳಿಸುವುದು. ನೆಟ್‌ಆ್ಯಪ್‌ನ ಮಾಮೂಲಿ ಸ್ನ್ಯಾಪ್‌ಮಿರರ್ ಇದೇ. ಇಲ್ಲಿ ಜನ ಎಡವುವ ಲೆಕ್ಕವೊಂದಿದೆ. 15 ನಿಮಿಷಕ್ಕೊಮ್ಮೆ ಸ್ನ್ಯಾಪ್‌ಶಾಟ್ ಎಂದರೆ ಹೆಚ್ಚೆಂದರೆ 15 ನಿಮಿಷದ ನಷ್ಟ ಎಂದುಕೊಳ್ಳುತ್ತಾರೆ. 10 ಗಂಟೆಗೆ ತೆಗೆದ ಸ್ನ್ಯಾಪ್‌ಶಾಟ್ ಆಚೆ ಸೇರಲು 10 ನಿಮಿಷ ಬೇಕು ಎಂದಿಟ್ಟುಕೊಳ್ಳಿ. 10:15ರ ಸ್ನ್ಯಾಪ್‌ಶಾಟ್ ಸೇರುವುದು 10:25ಕ್ಕೆ. 10:24ಕ್ಕೆ ಮೂಲ ತಾಣ ಬಿದ್ದರೆ ಆಚೆ ಇರುವುದು 10 ಗಂಟೆಯ ಚಿತ್ರ, ನಷ್ಟ 24 ನಿಮಿಷ. ಅಂತರ ಮತ್ತು ರವಾನೆಯ ಸಮಯ ಎರಡನ್ನೂ ಕೂಡಿಸಿದಾಗ ಸಿಗುವುದೇ ನಿಜವಾದ ಮಿತಿ.

ಇವುಗಳ ನಡುವೆ ‘ನಿಯರ್-ಸಿಂಕ್’ ಎಂಬ ಪದವೂ ಓಡಾಡುತ್ತದೆ. ಅದಕ್ಕೆ ಎಲ್ಲರೂ ಒಪ್ಪಿದ ವ್ಯಾಖ್ಯೆಯಿಲ್ಲ; ಅದು ಜರ್ನಲ್ಲೋ ಬಹಳ ಚಿಕ್ಕ ಅಂತರದ ಸ್ನ್ಯಾಪ್‌ಶಾಟ್ಟೋ ಎಂದು ಕೇಳಿ ತಿಳಿದುಕೊಂಡರೆ ಮುಗಿಯಿತು. ಐಬಿಎಂನ ‘ಗ್ಲೋಬಲ್ ಮಿರರ್’ ಇನ್ನೂ ತಮಾಷೆಯದು. ಡಿಎಸ್8000 ಅರೇಗಳಲ್ಲಿ ಅದು ನಿರಂತರ ನಕಲಿನ ಜೊತೆಗೆ ಆಚೆಯ ತಾಣದಲ್ಲಿ ಫ್ಲ್ಯಾಶ್‌ಕಾಪಿ (ಒಂದು ಕ್ಷಣದ ಸ್ಥಳೀಯ ನಕಲು) ಹಿಡಿದು ಸುಸಂಗತ ಬಿಂದುಗಳನ್ನು ಕಟ್ಟುತ್ತದೆ. ಎಸ್‌ವಿಸಿ ಎಂಬ ಐಬಿಎಂನದೇ ಇನ್ನೊಂದು ಸ್ಟೋರೇಜ್ ಕುಟುಂಬದಲ್ಲಿ ಅದೇ ಹೆಸರಿನದು ಬೇರೆ ರೀತಿ ನಡೆಯುತ್ತದೆ. ಅದಕ್ಕೆ ‘ಚೇಂಜ್ ವಾಲ್ಯೂಮ್’ ಸೇರಿಸಿದರೆ, ಬದಲಿಸದ ಹೊರತು 300 ಸೆಕೆಂಡಿಗೊಮ್ಮೆ ಸುತ್ತುವ ಸ್ನ್ಯಾಪ್‌ಶಾಟ್ ವಿಧಾನವಾಗುತ್ತದೆ.

ಕ್ರಮ ಕಾಯದ ನಕಲು, ಕ್ರಮ ಕಾಯುವ ಗುಂಪು

ಮೇಲಿನ ಯಾವುದಕ್ಕೂ ಸೇರದ, ಆದರೆ ಪರದೆಯ ಮೇಲೆ ‘ಅಸಿಂಕ್ರೊನಸ್’ನಂತೆಯೇ ಕಾಣುವ ಇನ್ನೊಂದು ಬಗೆಯಿದೆ. ಯಾವ ಬ್ಲಾಕುಗಳು ಬದಲಾಗಿವೆ ಎಂದು ಬಿಟ್‌ಮ್ಯಾಪ್‌ನಲ್ಲಿ ಗುರುತಿಟ್ಟುಕೊಂಡು, ಅವನ್ನು ಕೈಗೆ ಸಿಕ್ಕ ಕ್ರಮದಲ್ಲಿ ಕಳಿಸುತ್ತ ಹೋಗುವುದು. ಎಸ್‌ಆರ್‌ಡಿಎಫ್‌ನ ‘ಅಡಾಪ್ಟಿವ್ ಕಾಪಿ’, ಐಬಿಎಂನ ‘ಗ್ಲೋಬಲ್ ಕಾಪಿ’ ಈ ಬಗೆಯವು. ಆರಂಭಿಕ ನಕಲಿಗೆ ಮತ್ತು ದತ್ತಾಂಶ ಕೇಂದ್ರ ಸ್ಥಳಾಂತರಕ್ಕೆ ಇವು ಉತ್ತಮ ಸಾಧನಗಳು. ಅನಾಹುತ ರಕ್ಷಣೆಗೆ ಅಲ್ಲ, ಯಾಕೆಂದರೆ ಯಾವುದೇ ಕ್ಷಣದಲ್ಲಿ ಆಚೆ ಇರುವುದು ಹೊಸ ಮತ್ತು ಹಳೆಯ ಬ್ಲಾಕುಗಳ ಕಲಬೆರಕೆ. ನಾನು ಕಂಡ ಒಂದು ಸ್ಥಾಪನೆಯಲ್ಲಿ ಸ್ಥಳಾಂತರಕ್ಕೆಂದು ಹಾಕಿದ ಈ ಸ್ಥಿತಿಯನ್ನು ಬದಲಿಸುವುದನ್ನು ಮರೆತು ತಿಂಗಳುಗಟ್ಟಲೆ ಹಾಗೆಯೇ ಬಿಟ್ಟಿದ್ದರು. ನಿಗಾ ಪರದೆಯಲ್ಲಿ ಎಲ್ಲವೂ ಹಸಿರಾಗಿಯೇ ಇತ್ತು. ಅಣಕು ಅಭ್ಯಾಸದ ದಿನ ಆಚೆಯ ಡೇಟಾಬೇಸ್ ತೆರೆಯಲೇ ಇಲ್ಲ.

ಕ್ರಮ ಇಷ್ಟು ಮುಖ್ಯವಾಗಲು ಡೇಟಾಬೇಸ್‌ಗಳ ಸ್ವಭಾವವೇ ಕಾರಣ. ಅವು ‘ಹೀಗೆ ಬದಲಿಸುತ್ತೇನೆ’ ಎಂದು ಲಾಗ್‌ನಲ್ಲಿ ಬರೆದು, ಅದಕ್ಕೆ ಸ್ವೀಕೃತಿ ಬಂದ ಮೇಲೆಯೇ ಮೂಲ ಕಡತವನ್ನು ಬದಲಿಸುತ್ತವೆ. ಎರಡನೆಯ ಬರಹ ಮೊದಲನೆಯದನ್ನು ಅವಲಂಬಿಸಿದೆ. ಆಚೆಯ ತಾಣದಲ್ಲಿ ಎರಡನೆಯದು ಇದ್ದು ಮೊದಲನೆಯದು ಇಲ್ಲದಿದ್ದರೆ ಡೇಟಾಬೇಸ್ ಆ ಸ್ಥಿತಿಯಿಂದ ಚೇತರಿಸಿಕೊಳ್ಳಲಾರದು. ಲಾಗ್ ಒಂದು ವಾಲ್ಯೂಮಿನಲ್ಲಿ, ಕಡತಗಳು ಇನ್ನೊಂದರಲ್ಲಿ ಇರುವುದೇ ರೂಢಿಯಾದ್ದರಿಂದ, ಒಂದೊಂದು ವಾಲ್ಯೂಮಿನೊಳಗೆ ಕ್ರಮ ಕಾದರೆ ಸಾಲದು, ಎಲ್ಲವನ್ನೂ ಒಟ್ಟಾಗಿ ಕಾಯಬೇಕು. ಹೀಗೆ ಒಟ್ಟಾಗಿ ಕಾಯಲ್ಪಡುವ ವಾಲ್ಯೂಮ್‌ಗಳ ಕೂಟವೇ ಕನ್ಸಿಸ್ಟೆನ್ಸಿ ಗ್ರೂಪ್.

ಸಿಂಕ್ರೊನಸ್ ನಕಲಿಗೂ ಈ ಗ್ರೂಪ್ ಬೇಕು ಎಂಬುದು ಹಲವರಿಗೆ ಅನಿರೀಕ್ಷಿತ. ಬೆಂಕಿ, ನೆರೆಗಳಂಥವು ಒಂದೇ ಕ್ಷಣದಲ್ಲಿ ಎಲ್ಲವನ್ನೂ ನಿಲ್ಲಿಸುವುದಿಲ್ಲ. ಮೊದಲು ಒಂದು ಲಿಂಕ್, ಆಮೇಲೆ ಒಂದು ನಿಯಂತ್ರಕ ಎಂದು ನಿಧಾನವಾಗಿ ನುಂಗುತ್ತ ಬರುತ್ತವೆ. ಲಾಗ್ ವಾಲ್ಯೂಮಿನ ಜೋಡಿ ಮೊದಲು ಕಡಿದು ಕಡತಗಳ ಜೋಡಿ ಇನ್ನೂ ಕೆಲವು ಸೆಕೆಂಡು ನಡೆದರೆ ಆಚೆಯ ನಕಲು ಕೆಟ್ಟಿತು. ಗ್ರೂಪಿನಲ್ಲಿ ಒಂದು ಜೋಡಿ ಕಡಿದರೆ ಉಳಿದವನ್ನೂ ಅದೇ ಬಿಂದುವಿನಲ್ಲಿ ನಿಲ್ಲಿಸಲಾಗುತ್ತದೆ. ಖರೀದಿಗೆ ಮುನ್ನ ಕೇಳಬೇಕಾದದ್ದು: ಒಂದು ಗ್ರೂಪಿನಲ್ಲಿ ಎಷ್ಟು ವಾಲ್ಯೂಮ್‌ಗಳು ಸೇರಬಹುದು, ಮತ್ತು ಗ್ರೂಪ್ ಎರಡು ಅರೇಗಳ ಮೇಲೆ ಹರಡಿಕೊಳ್ಳಬಹುದೇ?

ಹೀಗೆ ಸಿಗುವ ನಕಲು ‘ಕ್ರ್ಯಾಶ್ ಕನ್ಸಿಸ್ಟೆಂಟ್’, ಅಂದರೆ ಸರ್ವರ್‌ನ ವಿದ್ಯುತ್ ಹಠಾತ್ತನೆ ಹೋದಾಗ ಡಿಸ್ಕ್ ಇರುವ ಸ್ಥಿತಿಗೆ ಸಮ. ಅಪ್ಲಿಕೇಷನ್ನಿಗೆ ಮೊದಲೇ ತಿಳಿಸಿ, ಅದು ತನ್ನ ಬಫರ್‌ಗಳನ್ನು ಇಳಿಸಿದ ಮೇಲೆ ಹಿಡಿದ ಚಿತ್ರ ‘ಅಪ್ಲಿಕೇಷನ್ ಕನ್ಸಿಸ್ಟೆಂಟ್’. ಒಳ್ಳೆಯ ಡೇಟಾಬೇಸ್‌ಗೆ ಮೊದಲನೆಯದೇ ಸಾಕು. ಹಳೆಯ ಕಾಲದ ಕಡತ ಆಧಾರಿತ ಅಪ್ಲಿಕೇಷನ್‌ಗಳಿಗೆ ಎರಡನೆಯದಿಲ್ಲದೆ ನಂಬುವಂತಿಲ್ಲ.

ಆ್ಯಕ್ಟಿವ್-ಆ್ಯಕ್ಟಿವ್ ಮತ್ತು ಮೂರನೆಯ ಸಾಕ್ಷಿ

ಎಸ್‌ಆರ್‌ಡಿಎಫ್/ಮೆಟ್ರೊ, ಹಿಟಾಚಿಯ ಗ್ಲೋಬಲ್-ಆ್ಯಕ್ಟಿವ್ ಡಿವೈಸ್, ಪ್ಯೂರ್‌ನ ಆ್ಯಕ್ಟಿವ್‌ಕ್ಲಸ್ಟರ್, ಹುವಾವೇಯ ಹೈಪರ್‌ಮೆಟ್ರೊ ಇವುಗಳಲ್ಲಿ ಎರಡು ಅರೇಗಳ ವಾಲ್ಯೂಮ್‌ಗಳು ಹೋಸ್ಟ್‌ಗೆ ಒಂದೇ ಗುರುತಿನೊಂದಿಗೆ ಕಾಣುತ್ತವೆ. ಹೋಸ್ಟ್‌ನ ಮಲ್ಟಿಪಾತ್ ತಂತ್ರಾಂಶಕ್ಕೆ ಇದು ಹೆಚ್ಚು ದಾರಿಗಳಿರುವ ಒಂದೇ ಡಿಸ್ಕ್. ಒಂದು ಅರೇ ಬಿದ್ದರೆ ಉಳಿದ ದಾರಿಗಳಲ್ಲಿ ಕೆಲಸ ಸಾಗುತ್ತದೆ. ಫೇಲ್‌ಓವರ್ (ಕೆಲಸವನ್ನು ಇನ್ನೊಂದು ತಾಣಕ್ಕೆ ಬದಲಿಸುವ) ಆದೇಶ ಕೊಡುವ ಪ್ರಶ್ನೆಯೇ ಇಲ್ಲ. ಬರಹದ ವಿಳಂಬದ ಲೆಕ್ಕ ಮಾತ್ರ ಸಿಂಕ್ರೊನಸ್ ನಕಲಿನದೇ, ವಿನಾಯಿತಿಯಿಲ್ಲ.

ಇಲ್ಲಿನ ಅಪಾಯದ ಹೆಸರು ಸ್ಪ್ಲಿಟ್ ಬ್ರೇನ್. ನಡುವಿನ ಲಿಂಕ್ ಕಡಿದಾಗ ಪ್ರತಿಯೊಂದು ಅರೇಯೂ ಇನ್ನೊಂದು ಸತ್ತಿದೆ ಎಂದು ನಂಬಿ ಬರಹಗಳನ್ನು ಸ್ವೀಕರಿಸುತ್ತ ಹೋದರೆ, ಒಂದೇ ವಾಲ್ಯೂಮಿಗೆ ಎರಡು ಇತಿಹಾಸಗಳು ಹುಟ್ಟುತ್ತವೆ. ಅವನ್ನು ಮತ್ತೆ ಕೂಡಿಸುವ ವಿದ್ಯೆ ಅರೇಗೆ ಗೊತ್ತಿಲ್ಲ. ಇದನ್ನು ತಡೆಯಲು ಮೂರನೆಯ ಸ್ಥಳದಲ್ಲಿ ಒಬ್ಬ ತೀರ್ಪುಗಾರನನ್ನು ಇಡುತ್ತಾರೆ. ಡೆಲ್ ಅದನ್ನು ವಿಟ್ನೆಸ್ ಎನ್ನುತ್ತದೆ, ಪ್ಯೂರ್ ಮೀಡಿಯೇಟರ್ ಎನ್ನುತ್ತದೆ, ಹಿಟಾಚಿಯಲ್ಲಿ ಅದು ಕೋರಮ್ ಡಿಸ್ಕ್. ತೀರ್ಪುಗಾರ ಸಿಗದಿದ್ದಾಗ ಯಾರು ಉಳಿಯಬೇಕು ಎಂದು ಮೊದಲೇ ಗೊತ್ತುಮಾಡಿದ ಪಕ್ಷಕ್ಕೆ ಎಸ್‌ಆರ್‌ಡಿಎಫ್/ಮೆಟ್ರೊದಲ್ಲಿ ‘ಬಯಸ್’ ಎಂದು ಹೆಸರು, ಬೇರೆಡೆ ‘ಪ್ರಿಫರ್ಡ್ ಸೈಟ್’.

ತೀರ್ಪುಗಾರನನ್ನು ಎರಡು ತಾಣಗಳಲ್ಲಿ ಒಂದರೊಳಗೆ ಇಟ್ಟವರನ್ನು ನಾನು ಕಂಡಿದ್ದೇನೆ. ಆ ತಾಣ ಬಿದ್ದರೆ ಅರೇಯೂ ತೀರ್ಪುಗಾರನೂ ಒಟ್ಟಿಗೆ ಹೋಗುವುದರಿಂದ, ಉಳಿದ ಆರೋಗ್ಯವಂತ ಅರೇ ತಾನಾಗಿ ನಿಂತುಬಿಡುವ ಸಾಧ್ಯತೆಯಿದೆ. ತೀರ್ಪುಗಾರನ ಬಳಿಗೆ ಹೋಗುವ ಜಾಲವೂ ತಾಣಗಳ ನಡುವಿನ ಲಿಂಕ್‌ನ ದಾರಿಯಲ್ಲೇ ಹೋಗಿದ್ದರೆ ಫಲ ಅದೇ. ಇನ್ನೊಂದು ಮಾತು: ಆ್ಯಕ್ಟಿವ್-ಆ್ಯಕ್ಟಿವ್ ಒಂದು ಲಭ್ಯತೆಯ ಏರ್ಪಾಟು. ಎರಡೂ ತಾಣಗಳು ಒಂದೇ ನೆರೆಯ, ಒಂದೇ ವಿದ್ಯುತ್ ಜಾಲದ ವ್ಯಾಪ್ತಿಯಲ್ಲಿದ್ದರೆ ಅದನ್ನು ಅನಾಹುತ ರಕ್ಷಣೆ ಎಂದು ಕರೆಯುವುದು ಸರಿಯಲ್ಲ.

ಅದಕ್ಕಾಗಿಯೇ ದೊಡ್ಡ ಸಂಸ್ಥೆಗಳು ಮೂರು ತಾಣಗಳಿಗೆ ಹೋಗುತ್ತವೆ: ಹತ್ತಿರಕ್ಕೆ ಸಿಂಕ್ರೊನಸ್, ದೂರಕ್ಕೆ ಅಸಿಂಕ್ರೊನಸ್. ದೂರದ ನಕಲು ಹತ್ತಿರದ ತಾಣದಿಂದ ಮುಂದಕ್ಕೆ ಹೋದರೆ ಅದು ಕ್ಯಾಸ್ಕೇಡ್. ಮೂಲದಿಂದಲೇ ಎರಡೂ ಕಡೆಗೆ ಹೋದರೆ ಮಲ್ಟಿ-ಟಾರ್ಗೆಟ್. ಮೂಲ ತಾಣ ಹೋದ ಮೇಲೆ ಉಳಿದೆರಡು ತಾಣಗಳು ವ್ಯತ್ಯಾಸವನ್ನಷ್ಟೇ ಕಳಿಸಿ ಜೋಡಿಯಾಗಬಲ್ಲವೇ, ಅಥವಾ ಮೊದಲಿಂದ ಪೂರ್ತಿ ನಕಲು ಬೇಕೇ ಎಂಬುದರ ಮೇಲೆ ಇವುಗಳ ಮೌಲ್ಯ ನಿಂತಿದೆ.

ಲಿಂಕ್‌ನ ಲೆಕ್ಕ

ಸಿಂಕ್ರೊನಸ್‌ಗೆ ಬರಹದ ಗರಿಷ್ಠ ದರವನ್ನು ಹೊರುವ ಲಿಂಕ್ ಬೇಕು. ಸೆಕೆಂಡಿಗೆ ಸರಾಸರಿ 50 ಮೆಗಾಬೈಟ್, ಗರಿಷ್ಠ 150 ಮೆಗಾಬೈಟ್ ಬರೆಯುವ ವ್ಯವಸ್ಥೆಗೆ ಗರಿಷ್ಠ ಲೆಕ್ಕದಲ್ಲಿ 1.2 ಗಿಗಾಬಿಟ್ ಬೇಕು, ಸರಾಸರಿ ಲೆಕ್ಕದಲ್ಲಿ 400 ಮೆಗಾಬಿಟ್. ಜರ್ನಲ್ ವಿಧಾನದಲ್ಲಿ ಸರಾಸರಿಗಿಂತ ಸ್ವಲ್ಪ ಮೇಲಿನ ಲಿಂಕ್ ಸಾಕು, ಉಳಿದದ್ದನ್ನು ಜರ್ನಲ್ ಹಿಡಿದಿಡಬೇಕು. ಲಿಂಕ್ ಸೆಕೆಂಡಿಗೆ 100 ಮೆಗಾಬೈಟ್ ಒಯ್ಯುತ್ತಿರುವಾಗ ಒಂದು ಗಂಟೆ ಕಾಲ 150ರ ದರದಲ್ಲಿ ಬರಹ ನಡೆದರೆ 180 ಗಿಗಾಬೈಟ್ ಜರ್ನಲಿನಲ್ಲಿ ಉಳಿಯುತ್ತದೆ. ಲಿಂಕ್ ಪೂರ್ತಿ ಒಂದು ಗಂಟೆ ಬಿದ್ದರೆ ಅದೇ ದರದಲ್ಲಿ 540 ಗಿಗಾಬೈಟ್. ಸ್ನ್ಯಾಪ್‌ಶಾಟ್ ವಿಧಾನದಲ್ಲಿ ಮತ್ತೆ ಮತ್ತೆ ಬರೆದ ಬ್ಲಾಕುಗಳು ಒಮ್ಮೆಯಷ್ಟೇ ಹೋಗುವುದರಿಂದ ಇನ್ನೂ ಕಡಿಮೆಯಲ್ಲಿ ನಡೆಯುತ್ತದೆ.

ಮೊದಲ ಪೂರ್ಣ ನಕಲಿನ ಹೊರೆಯನ್ನು ಬಹಳ ಜನ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 20 ಟೆರಾಬೈಟನ್ನು 1 ಗಿಗಾಬಿಟ್ ಲಿಂಕ್‌ನ 70 ಪ್ರತಿಶತ ಬಳಸಿ ಕಳಿಸಲು ಸುಮಾರು 63 ಗಂಟೆ ಬೇಕು, ಅದೂ ಹೊಸ ಬರಹಗಳೇ ಇಲ್ಲ ಎಂದುಕೊಂಡರೆ. ಹೋಸ್ಟ್ ಮಟ್ಟದಲ್ಲಿ ಗೂಢಲಿಪಿಯಾದ ದತ್ತಾಂಶ ಲಿಂಕ್‌ನಲ್ಲಿ ಕುಗ್ಗುವುದಿಲ್ಲ ಎಂಬುದನ್ನೂ, ಸ್ವಾಪ್ ಮತ್ತು ತಾತ್ಕಾಲಿಕ ಟೇಬಲ್‌ಗಳ ವಾಲ್ಯೂಮ್‌ಗಳನ್ನು ನಕಲಿನಿಂದ ಹೊರಗಿಟ್ಟರೆ ಹೊರೆ ಗಮನಾರ್ಹವಾಗಿ ಇಳಿಯುತ್ತದೆ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಹೊರಗಿಟ್ಟ ವಾಲ್ಯೂಮ್‌ಗಳು ಆಚೆಯ ತಾಣದಲ್ಲಿ ಖಾಲಿಯಾಗಿಯಾದರೂ ಇರಲೇಬೇಕು.

ದಿಕ್ಕು ತಪ್ಪಿಸುವ ಪದಗಳು

ಮೂಲ ಮತ್ತು ಗುರಿಯನ್ನು ಡೆಲ್ ಆರ್1, ಆರ್2 ಎನ್ನುತ್ತದೆ. ಹಿಟಾಚಿ ಪಿ-ವಾಲ್, ಎಸ್-ವಾಲ್ ಎನ್ನುತ್ತದೆ. ನೆಟ್‌ಆ್ಯಪ್ ಸೋರ್ಸ್, ಡೆಸ್ಟಿನೇಷನ್ ಎನ್ನುತ್ತದೆ. ಇದು ಅಭ್ಯಾಸವಾಗುತ್ತದೆ. ಅಭ್ಯಾಸವಾಗದೆ ಕಾಡುವುದು ಮರುಹೊಂದಾಣಿಕೆಯ ಆದೇಶಗಳು. ಎಸ್‌ಆರ್‌ಡಿಎಫ್‌ನಲ್ಲಿ ‘ಎಸ್ಟಾಬ್ಲಿಷ್’ ಎಂದರೆ ಆರ್1ರಿಂದ ಆರ್2ಕ್ಕೆ, ‘ರಿಸ್ಟೋರ್’ ಎಂದರೆ ಆರ್2ರಿಂದ ಆರ್1ಕ್ಕೆ. ನೆಟ್‌ಆ್ಯಪ್‌ನಲ್ಲಿ ರೀಸಿಂಕ್ ಆದೇಶವನ್ನು ಗುರಿಯ ಕಡೆಯಿಂದ ಕೊಡುತ್ತಾರೆ. ಎರಡೂ ಬಗೆಯ ಅರೇಗಳನ್ನು ನೋಡಿಕೊಳ್ಳುವ ತಂಡ ಮಧ್ಯರಾತ್ರಿಯ ಒತ್ತಡದಲ್ಲಿ ದಿಕ್ಕನ್ನು ತಪ್ಪಾಗಿ ಆರಿಸಿದರೆ, ಹಳೆಯ ದತ್ತಾಂಶ ಹೊಸದನ್ನು ಅಳಿಸಿಹಾಕುತ್ತದೆ, ಅರೇ ಅದನ್ನು ಯಶಸ್ಸು ಎಂದೇ ವರದಿ ಮಾಡುತ್ತದೆ.

ಯೋಜಿತ ಫೇಲ್‌ಓವರ್‌ನಲ್ಲಿ ಅಪ್ಲಿಕೇಷನ್ ನಿಲ್ಲಿಸಿ, ಬಾಕಿ ಬರಹಗಳು ಆಚೆ ಸೇರಿದ ಮೇಲೆ ದಿಕ್ಕು ತಿರುಗಿಸುತ್ತಾರೆ, ನಷ್ಟವಿಲ್ಲ. ಅನಿರೀಕ್ಷಿತ ಫೇಲ್‌ಓವರ್‌ನಲ್ಲಿ ಬಾಕಿ ಬರಹಗಳು ಹಳೆಯ ಮೂಲದಲ್ಲೇ ಉಳಿದಿರುತ್ತವೆ. ಆ ತಾಣ ಮತ್ತೆ ಎದ್ದಾಗ ಹಿಮ್ಮುಖ ಹೊಂದಾಣಿಕೆ ನಡೆಸಿದರೆ ಅವು ಅಳಿಯುತ್ತವೆ. ಅದಕ್ಕೆ ಮುಂಚೆ ಎರಡೂ ಕಡೆ ಸ್ನ್ಯಾಪ್‌ಶಾಟ್ ತೆಗೆದಿಟ್ಟುಕೊಳ್ಳಬೇಕು. ಆಚೆಯ ಕಡೆಯ ಸ್ನ್ಯಾಪ್‌ಶಾಟ್‌ಗೆ ಇನ್ನೊಂದು ಕಾರಣವೂ ಇದೆ: ಬಿಟ್‌ಮ್ಯಾಪ್ ಆಧಾರದ ಮರುಹೊಂದಾಣಿಕೆ ನಡೆಯುವಷ್ಟು ಹೊತ್ತೂ ಗುರಿಯ ವಾಲ್ಯೂಮ್ ಕ್ರಮಗೆಟ್ಟಿರುತ್ತದೆ. ಆಗಲೇ ಮೂಲ ತಾಣ ಹೋದರೆ ಕೈಯಲ್ಲಿ ಉಳಿಯುವುದು ಆ ಸ್ನ್ಯಾಪ್‌ಶಾಟ್ ಒಂದೇ. ಅಣಕು ಅಭ್ಯಾಸವನ್ನೂ ಆಚೆಯ ಸ್ನ್ಯಾಪ್‌ಶಾಟ್ ಅಥವಾ ಕ್ಲೋನ್ ಮೇಲೆ ನಡೆಸುವ ಸೌಲಭ್ಯ ಇರಬೇಕು. ಅಭ್ಯಾಸಕ್ಕಾಗಿ ನಕಲನ್ನೇ ನಿಲ್ಲಿಸಬೇಕಾದರೆ ಅಷ್ಟು ಹೊತ್ತು ರಕ್ಷಣೆಯಿಲ್ಲ, ಕ್ರಮೇಣ ಅಭ್ಯಾಸವೂ ನಿಂತುಹೋಗುತ್ತದೆ.

ಯಾವ ಕೆಲಸಕ್ಕೆ ಯಾವುದು

ಹಣಕಾಸಿನ ಮುಖ್ಯ ಖಾತೆಯಂಥ, ಒಂದು ವಹಿವಾಟೂ ಕಳೆಯಬಾರದ ವ್ಯವಸ್ಥೆಗೆ ಸಿಂಕ್ರೊನಸ್ ಬೇಕು; ಆದರೆ ಲಾಗ್ ಬರಹದ ವಿಳಂಬವನ್ನು ನಿಜವಾದ ಲಿಂಕ್ ಮೇಲೆ ಅಳೆದ ನಂತರವೇ ಸಹಿ ಹಾಕಬೇಕು. ಹೋಸ್ಟ್ ಕ್ಲಸ್ಟರ್ ಈಗಾಗಲೇ ಎರಡು ತಾಣಗಳಲ್ಲಿ ಹರಡಿದ್ದು, ಮೂರನೆಯ ಸ್ಥಳ ನಿಜವಾಗಿ ಲಭ್ಯವಿದ್ದರೆ ಆ್ಯಕ್ಟಿವ್-ಆ್ಯಕ್ಟಿವ್ ಅರ್ಥಪೂರ್ಣ. ಮೂರನೆಯ ಸ್ಥಳವಿಲ್ಲದವರು ಸರಳ ಸಿಂಕ್ರೊನಸ್ ಮತ್ತು ಮನುಷ್ಯರ ತೀರ್ಮಾನದ ಫೇಲ್‌ಓವರ್‌ಗೆ ತೃಪ್ತರಾಗುವುದು ಉತ್ತಮ. ನೂರಾರು ಕಿಲೋಮೀಟರ್ ದೂರದ ತಾಣಕ್ಕೆ, ಸೆಕೆಂಡುಗಳ ನಷ್ಟ ಸಹ್ಯವಾದಲ್ಲಿ ಜರ್ನಲ್ ಅಥವಾ ಸುತ್ತುಗಳ ವಿಧಾನ ಸೂಕ್ತ. ಕಡತ ಸಂಗ್ರಹ, ಅಭಿವೃದ್ಧಿ ಪರಿಸರ, ವರದಿಗಳ ದತ್ತಾಂಶ ಇಂಥವುಗಳಿಗೆ ಸ್ನ್ಯಾಪ್‌ಶಾಟ್ ವಿಧಾನ ಸಾಕು; ಅದಕ್ಕಿಂತ ಹೆಚ್ಚು ಖರ್ಚು ಮಾಡುವುದಕ್ಕೆ ಕಾರಣ ಕಾಣುವುದಿಲ್ಲ.

ಅರೇ ಮಟ್ಟದ ನಕಲೇ ಬೇಕೇ ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು. ಅದು ಬಹುಮಟ್ಟಿಗೆ ಒಂದೇ ತಯಾರಕನ ಅರೇಗಳ ನಡುವೆ ಮಾತ್ರ ನಡೆಯುವುದರಿಂದ ಎರಡೂ ತಾಣಗಳ ಮುಂದಿನ ಖರೀದಿಗಳನ್ನು ಕಟ್ಟಿಹಾಕುತ್ತದೆ. ಇಡೀ ಸಂಸ್ಥೆಯಲ್ಲಿ ಒಂದೇ ಮುಖ್ಯ ಡೇಟಾಬೇಸ್ ಇದ್ದರೆ ಒರಾಕಲ್‌ನ ಡೇಟಾ ಗಾರ್ಡ್‌ನಂಥ ವ್ಯವಸ್ಥೆ ಬದಲಾವಣೆಯ ದಾಖಲೆಯನ್ನಷ್ಟೇ ಕಳಿಸುತ್ತದೆ, ಹಾಗಾಗಿ ಲಿಂಕ್ ಮೇಲಿನ ಹೊರೆ ಕಡಿಮೆ. ಹತ್ತಾರು ಬಗೆಯ ಅಪ್ಲಿಕೇಷನ್‌ಗಳನ್ನು ಒಂದೇ ಬಿಂದುವಿಗೆ ಒಟ್ಟಾಗಿ ಮರಳಿಸಬೇಕಾದಾಗ ಅರೇಯ ಕನ್ಸಿಸ್ಟೆನ್ಸಿ ಗ್ರೂಪಿಗೆ ಸಾಟಿಯಿಲ್ಲ. ಇವು ಯಾವುವೂ ಬ್ಯಾಕಪ್‌ನ ಕೆಲಸ ಮಾಡುವುದಿಲ್ಲ: ತಪ್ಪಾಗಿ ಅಳಿಸಿದ ಟೇಬಲ್ಲೂ ರ‍್ಯಾನ್ಸಮ್‌ವೇರ್ ಕೆಡಿಸಿದ ಕಡತವೂ ಅಷ್ಟೇ ನಿಷ್ಠೆಯಿಂದ ಆಚೆಗೆ ನಕಲಾಗುತ್ತವೆ.

ಸ್ವೀಕಾರ ಪರೀಕ್ಷೆಯ ಪಟ್ಟಿಯಲ್ಲಿ ಸಾಮಾನ್ಯವಾಗಿ ಫೇಲ್‌ಓವರ್ ಒಂದೇ ಇರುತ್ತದೆ. ಅದರ ಜೊತೆಗೆ, ಬರಹದ ಹೊರೆ ಪೂರ್ತಿ ಇರುವಾಗ ತಾಣಗಳ ನಡುವಿನ ಲಿಂಕನ್ನು 30 ನಿಮಿಷ ಕಡಿದು ಮತ್ತೆ ಜೋಡಿಸುವ ಪರೀಕ್ಷೆಯನ್ನು ಸೇರಿಸಿ. ಆ 30 ನಿಮಿಷದಲ್ಲಿ ಹೋಸ್ಟ್ ಏನು ಕಂಡಿತು, ಲ್ಯಾಗ್ ಎಷ್ಟಕ್ಕೆ ಏರಿತು, ಎಚ್ಚರಿಕೆ ಯಾರಿಗೆ ತಲುಪಿತು, ಜೋಡಿಸಿದ ಮೇಲೆ ನಕಲು ಮತ್ತೆ ಸುಸಂಗತವಾಗಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಬರೆದಿಟ್ಟುಕೊಂಡು, ಬೆಲೆಯ ಮಾತುಕತೆ ಮುಗಿಯುವ ಮುನ್ನ ಆ ಕಾಗದವನ್ನು ಮೇಜಿನ ಮೇಲೆ ಇಡಿ.